ಕಲ್ಲಿನ ಅಂಗಡಿಯ ಹಿತ್ತಿಲ ಮರಗಳು

ತನ್ನ ಮನೆಯ ಮುಂದಿನ ಮರಕ್ಕೆ ಕಡಿಯಬೇಕೆಂಬ ಕೆಂಪು ಬಣ್ಣದ ಗುರುತನ್ನು ತಾನೇ ಹಾಕಬೇಕಾಗಿ ಬಂದ ದಿನ ಸೊಸೆ ತಿಂಡಿಯನ್ನೂ ಮುಟ್ಟದೆ ಹೊರಗೆ ಬಂದಳು. ಅವಳು ಸಸ್ಯ ರಕ್ಷಣೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಹೊರದೇಶದ ಹುಳವೊಂದು ಊರಿನ ಆ ಭಾಗದ ಮರಗಳನ್ನು ಹೊಕ್ಕಿತ್ತು. ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆ, ಮೈಗಿಂತ ಉದ್ದದ ಮೀಸೆ. ಜನ ಅದಕ್ಕೆ ಮೀಸೆ ಹುಳ ಎಂದೇ ಹೆಸರಿಟ್ಟಿದ್ದರು. ನೋಡಲು ಚೆಂದ. ಆದರೆ ಅದರ ಮರಿಗಳು ಕಾಂಡದೊಳಗೆ ಕೂತು ಮರವನ್ನು ಒಳಗಿಂದೊಳಗೇ ತಿಂದು, ಬೆಳೆದ ಮೇಲೆ ಪೆನ್ಸಿಲ್ ತೂರುವಷ್ಟು ದುಂಡನೆಯ ತೂತು ಕೊರೆದು ಹೊರಬೀಳುತ್ತಿದ್ದವು. ಹೊರಗಿನಿಂದ ಔಷಧ ಹೊಡೆದರೆ ಒಳಗಿನ ಮರಿಗೆ ತಾಗುವುದಿಲ್ಲ. ಉಳಿದದ್ದು ಒಂದೇ ದಾರಿ. ಹುಳ ಕಂಡ ಜಾಗದ ಸುತ್ತ ಗೆರೆ ಎಳೆದು, ಆ ಗೆರೆಯೊಳಗೆ ಅದು ತಿನ್ನುವ ಜಾತಿಯ ಮರ ಒಂದನ್ನೂ ಬಿಡದೆ ಕಡಿದು, ಯಂತ್ರಕ್ಕೆ ಹಾಕಿ ಪುಡಿ ಮಾಡಬೇಕು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಮಾತು ಕಡಿಮೆ, ಕಣ್ಣಲ್ಲೇ ಗದರಿಸುವ ಹೆಂಗಸು. ಮಗ ಹುಟ್ಟಿದ ವರ್ಷ ಆ ಮರವನ್ನು ನೆಟ್ಟವರು ಅವರೇ.

"ಎಲ್ಲರದ್ದೂ ಕಡೀತೀರಿ ತಾನೆ?" ಎಂದು ಕೇಳಿದರು.

"ಎಲ್ಲರದ್ದೂ ಅತ್ತೆ. ಒಂದನ್ನ ಬಿಟ್ರೂ ಕಡಿದಿದ್ದೆಲ್ಲ ದಂಡ."

"ಹಾಗಾದ್ರೆ ಹಾಕು," ಎಂದು ಅತ್ತೆ ಒಳಗೆ ಹೋದರು.

ಆ ವಾರವಿಡೀ ಬೀದಿಯಲ್ಲಿ ಗರಗಸದ ಸದ್ದು. ಮರ ಬಿದ್ದಲ್ಲೆಲ್ಲ ಬಿಸಿಲು ಮನೆಯೊಳಗೇ ಬಂದು ಕೂತಿತು. ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕ್ಷೌರ ಮಾಡುತ್ತಿದ್ದವನು ಕನ್ನಡಿ ಎತ್ತಿಕೊಂಡು ಬೇರೆ ಬೀದಿಗೆ ಹೋದ. ಎದುರುಮನೆಯ ಟೈಲರಮ್ಮ ಜಗಲಿಯಿಂದ ಮೆಷಿನ್ನನ್ನು ಒಳಗೆ ಎಳೆದುಕೊಂಡು, ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯತೊಡಗಿದಳು. ನಮ್ಮ ಮನೆ ಬೋಳು ತಲೆಯ ಹಾಗೆ ಕಾಣುತ್ತಿದೆ ಎಂದು ಸೊಸೆಯ ಗಂಡ ನಗಿಸಲು ನೋಡಿದ, ಯಾರೂ ನಗಲಿಲ್ಲ. ಬೀದಿಯವರು ಸೊಸೆಗೆ ಕೊಡಲಿ ಮೇಡಂ ಎಂದು ಹೆಸರಿಟ್ಟರು. ಅವಳು ಅದನ್ನೂ ನುಂಗಿಕೊಂಡಳು. ಮನೆ ಮನೆಯ ಬಾಗಿಲು ತಟ್ಟಿ, ಯಾರ ಮರವೂ ಉಳಿಯುವುದಿಲ್ಲ, ಅದಕ್ಕೇ ನಿಮ್ಮದನ್ನೂ ಕೇಳುತ್ತಿದ್ದೇನೆ ಎಂದು ಹೇಳಿದ್ದಳು. ಜನ ಅತ್ತರು, ಬೈದರು, ಆದರೆ ಒಪ್ಪಿದರು.

ಗೆರೆಯೊಳಗೆ ಕೊನೆಗೆ ಉಳಿದದ್ದು ಕಲ್ಲಿನ ಅಂಗಡಿ. ನೆಲಕ್ಕೆ ಹಾಸುವ ನುಣುಪು ಕಲ್ಲನ್ನು ಅಂಗಡಿಯ ಸಾಹುಕಾರರು ಹೊರದೇಶದಿಂದ ಮರದ ಪೆಟ್ಟಿಗೆಗಳಲ್ಲಿ ತರಿಸುತ್ತಿದ್ದರು. ಅಂಥ ಪೆಟ್ಟಿಗೆಯ ಮರವನ್ನು ಹಡಗಿಗೆ ಏರಿಸುವ ಮೊದಲೇ ಬಿಸಿ ಕೋಣೆಯಲ್ಲಿಟ್ಟು ಒಳಗಿನ ಹುಳ ಸಾಯಿಸಬೇಕು ಎಂಬುದು ನಿಯಮ. ಅಗ್ಗದ ಪೆಟ್ಟಿಗೆಗೆ ಯಾರೂ ಆ ಶ್ರಮ ತೆಗೆದುಕೊಂಡಿರಲಿಲ್ಲ. ಒಡೆದ ಪೆಟ್ಟಿಗೆಗಳು ಹಿತ್ತಿಲಲ್ಲಿ ರಾಶಿ ಬಿದ್ದಿದ್ದವು, ಹುಳ ಹೊರಬಿದ್ದಿದ್ದು ಅಲ್ಲಿಂದಲೇ. ಆ ರಾಶಿಯ ಪಕ್ಕದಲ್ಲಿ ಅದೇ ಜಾತಿಯ ಮರಗಳ ಸಾಲು, ಅದರ ನೆರಳಲ್ಲಿ ಗಿರಾಕಿಗಳನ್ನು ಕೂರಿಸಿ ಉಪಚರಿಸುವ ಮೇಜು ಕುರ್ಚಿ.

ಕಡಿಯುವ ತಂಡ ಗೇಟಿನ ಮುಂದೆ ಲಾರಿ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಇಲಾಖೆಯ ದೊಡ್ಡ ಸಾಹೇಬರ ಫೋನ್ ಬಂತು. ಆ ಮರಗಳನ್ನು ಕಡಿಯುವುದು ಬೇಡ, ಬುಡಕ್ಕೆ ಇಂಜೆಕ್ಷನ್ ಕೊಟ್ಟರೆ ಸಾಕು ಎಂದರು. ಸೊಸೆ ಲಾರಿಯನ್ನು ಅಲ್ಲೇ ಬಿಟ್ಟು ಆಫೀಸಿಗೆ ಓಡಿದಳು. ಇಂಜೆಕ್ಷನ್ ಕೊಡುವುದು ಹುಳ ಹೊಗದ ಮರವನ್ನು ಕಾಯಲು. ಆಗಲೇ ಒಳಗೆ ಸೇರಿಕೊಂಡ ದೊಡ್ಡ ಮರಿಗಳನ್ನೆಲ್ಲ ಅದು ಕೊಲ್ಲುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ ಎಂದು ವಿವರಿಸಿದಳು. ಸಾಹೇಬರಿಗೆ ಅದು ಗೊತ್ತಿಲ್ಲದ್ದೇನಲ್ಲ. ಅವಳಿಗೆ ಅದನ್ನು ಕಲಿಸಿದವರೇ ಅವರು.

"ನೋಡಮ್ಮಾ, ಮೇಲಿಂದ ಮಾತು ಬಂದಿದೆ," ಎಂದರು. "ನಿನಗೂ ತಲೆನೋವು ಬೇಡ, ನನಗೂ ಬೇಡ."

"ಬೀದಿಯವರಿಗೆ ಏನು ಹೇಳ್ಲಿ ಸರ್?"

"ಅವರ್ದು ಆಗಲೇ ಕಡಿದಾಯ್ತಲ್ಲ. ಇನ್ನು ಹೇಳೋದೇನಿದೆ?"

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು.

ಮರುದಿನ ಇಂಜೆಕ್ಷನ್ ಕೊಡುವ ನೆಪದಲ್ಲಿ ಆ ಹಿತ್ತಿಲಿಗೆ ಹೋದಳು. ಜೊತೆಗೆ ಇಲಾಖೆಯ ಮರ ಹತ್ತುವವನನ್ನು ಕರೆದೊಯ್ದಳು. ಅವನನ್ನು ಎಲ್ಲರೂ ಅಳಿಲು ಎನ್ನುತ್ತಿದ್ದರು. ಸಾಹುಕಾರರು ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿಸಿ, ಟೀ ತರಿಸಿ, ಈ ನೆರಳಿಲ್ಲದಿದ್ದರೆ ವ್ಯಾಪಾರವೇ ಇಲ್ಲ ಎಂದರು. ನಿಮ್ಮ ಬೀದಿಯ ಮರಗಳು ಹೇಗಿದ್ದರೂ ಹಳೆಯವು, ಇಂದಲ್ಲ ನಾಳೆ ಬೀಳುವಂಥವು ಎಂದೂ ಸೇರಿಸಿದರು. ಸೊಸೆ ಟೀ ಮುಟ್ಟಲಿಲ್ಲ.

ಅಳಿಲು ಹಗ್ಗ ಕಟ್ಟಿಕೊಂಡು ಹತ್ತಿದ. ಮೇಲಿನ ಕೊಂಬೆಗಳಲ್ಲಿ ತೂತುಗಳು ಹೊಸದಾಗಿವೆ, ಮರದ ಹೊಟ್ಟು ಇನ್ನೂ ಹಸಿಯಾಗಿದೆ ಎಂದು ಕೂಗಿ ಹೇಳಿದ. ಇಳಿದವನು ಟೋಪಿ ತೆಗೆದು ಮೇಜಿನ ಮೇಲೆ ಮಗುಚಿದ. ಜೀವಂತ ಹುಳವೊಂದು ಟೀ ಕಪ್ಪಿನ ಪಕ್ಕ ಮೀಸೆ ಆಡಿಸುತ್ತ ನಡೆಯಿತು. ಸಾಹುಕಾರರು ಕುರ್ಚಿ ಹಿಂದಕ್ಕೆ ಸರಿಸಿದರು.

"ಒಂದು ಹುಳಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ? ಔಷಧ ಕೊಟ್ಟು ಹೋಗಿ," ಎಂದರು.

ಸೊಸೆ ಚೀಲದಿಂದ ಬಣ್ಣದ ಡಬ್ಬಿ ತೆಗೆದು, ಸಾಲಿನ ಪ್ರತಿ ಮರಕ್ಕೂ ಕೆಂಪು ಗುರುತು ಹಾಕಿದಳು. ಕೊನೆಯ ಮರ ಮುಗಿಯುವ ಮೊದಲೇ ಸಾಹುಕಾರರು ಫೋನಿನಲ್ಲಿದ್ದರು. ಗುರುತು ಅಳಿಸಿ ಬಾ ಎಂದು ಸಾಹೇಬರು ಅವಳಿಗೆ ಫೋನ್ ಮಾಡಿ ಹೇಳಿದರು. ಅಳಿಸುವುದಿಲ್ಲ ಎಂದಳು. ಸಂಜೆಯೊಳಗೆ ಅವಳನ್ನು ಬೀಜ ಪರೀಕ್ಷೆಯ ಕೋಣೆಗೆ ಹಾಕಿದರು. ಗೋದಾಮಿನ ಹಿಂದಿನ ಕಿಟಕಿಯಿಲ್ಲದ ಕೋಣೆ ಅದು.

ಮನೆಯಲ್ಲಿ ಅವಳು ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದಳು. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಕೇಳಿ ಮುಗಿಸಿ, ಈಳಿಗೆ ಮಡಚಿಟ್ಟು, ಕೈ ತೊಳೆದು, ಎದುರುಮನೆಗೆ ಹೋದರು. ಅಲ್ಲಿಂದ ಟೈಲರಮ್ಮನ ಜೊತೆ ಪಕ್ಕದ ಮನೆಗೆ. ಅವರು ತಿರುಗಿ ಬರುವ ಹೊತ್ತಿಗೆ ಬೀದಿಯ ಅರ್ಧ ಜನ ಹೊರಗೆ ನಿಂತಿದ್ದರು. ತಾಯಿ ಎದ್ದರೆ ಇನ್ನು ಯಾರ ಮಾತೂ ನಡೆಯುವುದಿಲ್ಲ ಎಂಬುದು ಗಂಡನಿಗೆ ಗೊತ್ತಿತ್ತು. ನಾಳೆ ರಜೆ ಹಾಕುತ್ತೇನೆ ಎಂದಷ್ಟೇ ಹೇಳಿದ.

ಮರುದಿನ ಬೀದಿಯವರೆಲ್ಲ ಹೋಗಿ ಇಲಾಖೆಯ ಆಫೀಸಿನ ಮೆಟ್ಟಿಲ ಮೇಲೆ ಕೂತರು. ದೊಡ್ಡ ಸಾಹೇಬರು ಹೊರಗೆ ಬಂದು, ಇದು ತಾಂತ್ರಿಕ ವಿಷಯ, ನಿಮಗೆ ಅರ್ಥವಾಗುವುದಿಲ್ಲ ಎಂದರು. ಅತ್ತೆ ಎದ್ದು ನಿಂತರು.

"ನಾನು ಸೋಂಕಿನ ವಾರ್ಡಲ್ಲಿ ಕೆಲಸ ಮಾಡಿದೋಳು," ಎಂದರು. ದನಿ ಏರಲಿಲ್ಲ. "ದುಡ್ಡಿರೋರ ಹಾಸಿಗೆ ಅಂತ ಒಂದನ್ನೂ ತೊಳೀದೆ ಬಿಟ್ಟಿಲ್ಲ. ಹಾಗೆ ಬಿಟ್ಟಿದ್ರೆ ಪಕ್ಕದ ಹಾಸಿಗೇಲಿ ಹೆಣ ಎತ್ತಬೇಕಾಗ್ತಿತ್ತು. ನನ್ನ ಸೊಸೆ ಎಲ್ಲರದ್ದೂ ಅಂದ್ಲು, ನಾನು ನನ್ನ ಮರ ಕೊಟ್ಟೆ. ಅವಳ ಮಾತು ಸುಳ್ಳು ಮಾಡೋಕೆ ನೀವ್ಯಾರು?"

ಸಾಹೇಬರು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಒಳಗೆ ಹೋದರು. ಮೇಲಿನವರು ಇನ್ನೂ ಮೇಲಿನವರನ್ನು ಕೇಳಿದರು. ಬೀದಿಯವರು ದಿನಾ ಬಂದು ಕೂತರು. ಆಫೀಸಿಗೆ ಬಂದವರೆಲ್ಲ ಅವರನ್ನು ದಾಟಿಯೇ ಹೋಗಬೇಕಾಯಿತು. ಇತ್ತ ಆ ಹಿತ್ತಿಲಲ್ಲಿ ಹುಳಗಳು ಯಾರ ಅಪ್ಪಣೆಗೂ ಕಾಯಲಿಲ್ಲ. ಬೇಸಿಗೆಯ ಬಿಸಿ ಏರಿದಂತೆ ಒಂದೊಂದಾಗಿ ತೂತಿನಿಂದ ಹೊರಬಿದ್ದು ಹಾರಿದವು.

ಕೊನೆಗೂ ಕಡಿಯಲು ಆದೇಶ ಬಂತು. ಸಾಲು ನೆಲಕ್ಕುರುಳಿತು. ಬೀದಿಯವರು ಗೆದ್ದೆವು ಎಂದುಕೊಂಡು ಮನೆಗೆ ಹೋದರು. ಕೆಲವೇ ದಿನಗಳಲ್ಲಿ ಅಳಿಲು ಬೀಜದ ಕೋಣೆಗೆ ಹುಡುಕಿಕೊಂಡು ಬಂದ. ಗೆರೆಯ ಆಚೆ, ಕಾಲುವೆ ದಾಟಿದ ಬಡಾವಣೆಯಲ್ಲಿ, ಮರದ ತೊಗಟೆಯ ಮೇಲೆ ಮೊಟ್ಟೆ ಇಟ್ಟ ಗಾಯಗಳು ಸಿಕ್ಕಿವೆ ಎಂದ. ಗೆರೆಯನ್ನು ಇನ್ನೂ ದೊಡ್ಡದಾಗಿ ಎಳೆಯಬೇಕಾಯಿತು. ಒಬ್ಬ ಮನುಷ್ಯನ ನೆರಳಿಗಾಗಿ ತಡಮಾಡಿದ್ದಕ್ಕೆ ಒಂದಿಡೀ ಬಡಾವಣೆಯ ನೆರಳು ಹೋಗುವುದಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಇಲಾಖೆ ಬೇರೆ ಜಾತಿಯ ಸಸಿಗಳನ್ನು ಹಂಚಿದಾಗ ಮೊದಲ ಸಸಿ ಹೋದದ್ದು ಕಲ್ಲಿನ ಸಾಹುಕಾರರಿಗೆ. ಪೇಪರಿನಲ್ಲಿ ಫೋಟೋ ಬಂತು: ಪರಿಸರಕ್ಕಾಗಿ ತಮ್ಮ ಮರಗಳನ್ನೇ ತ್ಯಾಗ ಮಾಡಿದ ಮಹನೀಯರು, ಪಕ್ಕದಲ್ಲಿ ನಗುವ ದೊಡ್ಡ ಸಾಹೇಬರು. ಅತ್ತೆ ಆ ಪೇಪರಿನ ಮೇಲೆ ಈರುಳ್ಳಿ ಸುಲಿದರು.

ಕಾಲುವೆ ಆಚೆಯ ಬಡಾವಣೆಗೆ ಹೋಗಿ ಬೈಸಿಕೊಳ್ಳಲು ಬೇರೆ ಯಾರೂ ಮುಂದೆ ಬರಲಿಲ್ಲ. ಸೊಸೆಯನ್ನು ಬೀಜದ ಕೋಣೆಯಿಂದ ಹೊರಗೆ ಕರೆದರು. ಹುಳ ತಾನಾಗಿ ಹರಡಿತು ಎಂದಷ್ಟೇ ಹೇಳು, ಹಳೆಯದನ್ನೆಲ್ಲ ಕೆದಕಬೇಡ ಎಂದು ಸಾಹೇಬರು ಎಚ್ಚರಿಸಿದರು. ಅವಳು ಬಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮೊದಲ ಮನೆ ಒಬ್ಬ ನಿವೃತ್ತ ಗಡಿಯಾರ ರಿಪೇರಿಯವರದ್ದು. ಅವರ ಅಂಗಳದಲ್ಲಿ ಒಂದೇ ಮರ, ಸೂರಿಗಿಂತ ಎತ್ತರ. ತಮ್ಮ ಮನೆಯವರೆಗೆ ಈ ಹುಳ ಹೇಗೆ ಬಂತು ಎಂದು ಅವರು ಕೇಳಿದರು. ಸೊಸೆ ಎಲ್ಲವನ್ನೂ ಹೇಳಿದಳು. ಕಲ್ಲಿನ ಪೆಟ್ಟಿಗೆ, ಹಿತ್ತಿಲ ಸಾಲು, ಬಂದ ಫೋನ್, ಕೂತು ಕಳೆದ ದಿನಗಳು, ಯಾವುದನ್ನೂ ಮುಚ್ಚಿಡಲಿಲ್ಲ. ಮುದುಕರು ಮರದ ತುದಿಯವರೆಗೆ ಕಣ್ಣು ಹಾಯಿಸಿದರು.

"ನೀವು ಆಗಲೇ ಕಡಿದಿದ್ರೆ ಇದು ಉಳೀತಿತ್ತು, ಅಲ್ವಾ?"

"ಉಳೀತಿತ್ತು ಅನ್ಸುತ್ತೆ ಯಜಮಾನ್ರೇ."

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರೆಂದೇ ಅವಳು ತಿಳಿದಳು. ಆದರೆ ಒಂದು ಕುರ್ಚಿ ಎತ್ತಿಕೊಂಡು ಹೊರಗೆ ಬಂದು, ಮರದ ಬುಡದಲ್ಲಿ ಹಾಕಿ ಕೂತರು.

"ನಾನು ಎದ್ದ ಮೇಲೆ ಹಾಕಮ್ಮ ಬಣ್ಣ," ಎಂದರು.

ಸೊಸೆ ಡಬ್ಬಿ ಕೆಳಗಿಟ್ಟು ಕಾಂಪೌಂಡಿಗೆ ಒರಗಿ ನಿಂತಳು.