ಟೈಗರ್ ನೀರು ಕುಡಿಯದ ಮಧ್ಯಾಹ್ನ

ಹೆಸರಿಗಷ್ಟೇ ಟೈಗರ್. ಮಂಗವೊಂದು ಕಣದ ಗೋಡೆಯ ಮೇಲೆ ಬಂದು ಕೂತರೆ ತಾಯಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುವಂಥ ಗಂಡುನಾಯಿ ಅದು. ಆದರೂ ಕಾಳುಮೆಣಸು ಒಣಗುವಷ್ಟು ದಿನ ಅದನ್ನು ಕಣದ ಮೂಲೆಯ ಕಂಬಕ್ಕೆ ಕಟ್ಟುವುದು ಹಾನುಬಾಳಿನ ಆಚೆಯ ಆ ಎಸ್ಟೇಟಿನ ವಾಡಿಕೆ. ಮೆಣಸಿನ ರೇಟು ಕೇಳಿದರೆ ಒಳ್ಳೆಯವರ ಕೈಯೂ ತುರಿಸುವ ಕಾಲ. ನಾಯಿ ಹೇಡಿಯಾದರೇನು, ಬೊಗಳುವುದಕ್ಕೆ ಧೈರ್ಯವೇನೂ ಬೇಕಿಲ್ಲವಲ್ಲ.

ಆ ವರ್ಷ ಹೂಮಳೆ ಕೈಕೊಟ್ಟಿತ್ತು. ಕಾಫಿ ಹೂವು ಅರಳಿಸಲು ಪಂಪೆಲ್ಲ ಸ್ಪ್ರಿಂಕ್ಲರಿಗೇ ಮೀಸಲಾಗಿ, ಹಗಲೆಲ್ಲ ಕಣದ ನಲ್ಲಿಯಲ್ಲಿ ಬರೀ ಗಾಳಿ. ಟ್ರ್ಯಾಕ್ಟರಿನಲ್ಲಿ ಕೆರೆಯಿಂದ ಬರುವ ಡ್ರಮ್ಮಿನ ನೀರೇ ಗತಿ. ಬೇಸಿಗೆಯಾದ್ದರಿಂದ ಅದೂ ಚಹಾದ ಬಣ್ಣಕ್ಕಿತ್ತು. ಕಣದ ಕೆಲಸವೆಲ್ಲ ತಾಯಮ್ಮನದು. ಹಸಿಮೆಣಸನ್ನು ಬಿದಿರುಬುಟ್ಟಿಗೆ ತುಂಬಿ, ಕುದಿಯುವ ಹಂಡೆಯಲ್ಲಿ ಒಂದು ಮುಳುಗು ಹಾಕಿ, ನೀರು ಬಸಿಯಲೆಂದು ಬಕೆಟ್ಟಿನ ಮೇಲಿಟ್ಟು, ಆಮೇಲೆ ಬಿಸಿಲಿಗೆ ಹರಡಬೇಕು. ಹಾಗೆ ಮಾಡಿದರೆ ಬೇಗ ಒಣಗುತ್ತದೆ, ಕಪ್ಪೂ ಚೆನ್ನಾಗಿ ಬರುತ್ತದೆ. ವಾರಗಟ್ಟಲೆ ಆ ಹಬೆಯಲ್ಲೇ ನಿಂತು ಅವಳ ಮೂಗು ಸತ್ತೇಹೋಗಿತ್ತು. ಸಾರಿಗೆ ಒಗ್ಗರಣೆ ಬಿದ್ದಿದೆಯೋ ಇಲ್ಲವೋ ಎಂದು ಪಕ್ಕದ ಮನೆಯವರನ್ನು ಕೇಳುವ ಸ್ಥಿತಿ.

ಮಧ್ಯಾಹ್ನ ಊಟಕ್ಕೆ ಕೂರಬೇಕು ಅನ್ನುವಷ್ಟರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಯೋಗಾನಂದ ಸ್ಟೋರ್ ಬಾಗಿಲಲ್ಲೇ ನಿಂತುಬಿಟ್ಟ.

"ತಾಯಮ್ಮ, ಈಚೆ ಬಾ. ನಾಯಿ ಹತ್ರ ಹೋಗ್ಬೇಡ."

ಟೈಗರ್ ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಕಣ್ಣು ಕೆಂಪಗಾಗಿತ್ತು. ಮುಂದಿದ್ದ ಅಲ್ಯೂಮಿನಿಯಂ ಬೇಸಿನ್ನಿನ ಹತ್ತಿರ ಬರುವುದು, ಮೂತಿ ಚಾಚುವುದು, ಬೆದರಿದಂತೆ ಸರಪಳಿ ಎಳೆದುಕೊಂಡು ಹಿಂದೆ ಹಿಂದೆ ಸರಿಯುವುದು. ಬೇಸಿನ್ನಿನ ತುಂಬ ನೀರಿತ್ತು. ಬೆಳಿಗ್ಗೆ ತಾಯಮ್ಮನೇ ತುಂಬಿಸಿದ್ದಳು.

ಯುಗಾದಿಗೆ ಮುಂಚೆ ಹುಚ್ಚುನಾಯಿಯೊಂದು ಕೂಲಿಯಾಳುಗಳ ಲೈನ್ ಮನೆಗಳ ಮುಂದೆಯೇ ಹಾದುಹೋಗಿತ್ತು. ಅದು ಯಾರ ನಾಯಿಗೆ ಬಾಯಿ ಹಾಕಿತೋ ನೋಡಿದವರಿಲ್ಲ. ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ ಎಂಬ ಮಾತು ಮಾತ್ರ ಎಲ್ಲರಿಗೂ ಗೊತ್ತು.

ಯೋಗಾನಂದ ಪಶುವೈದ್ಯರಿಗೆ ಫೋನ್ ಮಾಡಿದ. ಅವರು ಎಲ್ಲೋ ಕ್ಯಾಂಪಿನಲ್ಲಿದ್ದರು. ಕಟ್ಟಿಹಾಕಿರಿ, ಯಾರೂ ಮುಟ್ಟಬೇಡಿ, ನಾಳೆ ಬರುತ್ತೇನೆ ಅಂದರು. ಆಮೇಲೆ ಸಕಲೇಶಪುರದಲ್ಲಿದ್ದ ಸಾಹುಕಾರರಿಗೆ ಮಾಡಿದ. ಅವರಿಗೆ ನಾಳೆಯವರೆಗೆ ತಾಳ್ಮೆ ಇರಲಿಲ್ಲ. ಪಕ್ಕದ ತೋಟದ ಲಿಂಗಪ್ಪನ ಹತ್ತಿರ ಕೋವಿ ಇದೆ, ಕರೆಸು ಅಂದುಬಿಟ್ಟರು.

"ಇವತ್ತೊಂದಿನ ಬುಡಿ ರೈಟ್ರೇ," ಅಂದಳು ತಾಯಮ್ಮ. "ಡಾಕ್ಟ್ರು ಬಂದು ನೋಡ್ಲಿ. ಅವ್ರೇ ಹೇಳುದ್ರೆ ನಾನು ಒಂದು ಮಾತೂ ಆಡಕ್ಕಿಲ್ಲ."

"ರಾತ್ರಿ ಸರಪಳಿ ಕಿತ್ಕೊಂಡು ಹೋಗ್ಬುಟ್ರೆ? ಲೈನಲ್ಲಿ ಎಷ್ಟು ಮಕ್ಕಳವೆ, ನೀನೇ ಹೇಳು. ನಂಗೇನು ಇಷ್ಟಾನಾ ತಾಯಮ್ಮ? ಲಿಂಗಪ್ಪ ಜೀಪ್ ಹತ್ತಿ ಆಯ್ತು."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾದದ್ದು. ಕಣ್ಣು ಬಿಡದ ಮರಿಯನ್ನು ಯಾರೋ ಗೋಣಿಚೀಲದಲ್ಲಿ ಸ್ಟೋರ್ ಹಿಂದೆ ಎಸೆದು ಹೋದಾಗ, ಬತ್ತಿಯಲ್ಲಿ ಹಾಲು ಹಿಂಡಿ ಬದುಕಿಸಿದವಳು ಅವಳೇ. ಈಗ ಕೋವಿಯ ಸದ್ದು ಕೇಳಿಸದಷ್ಟು ದೂರ ಹೋಗಿ ಕೂರೋಣವೆಂದರೆ ಅದನ್ನು ಬಿಟ್ಟು ಹೋಗಲೂ ಮನಸ್ಸಿಲ್ಲ. ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಳಗಳ ಅತ್ತಳು. ಅತ್ತು ಸಾಕಾದಾಗ, ಎದುರಿಗಿದ್ದ ಬಕೆಟ್ಟಿಗೆ ಕೈ ಅದ್ದಿ ಮುಖಕ್ಕೆ ನೀರು ಎರಚಿಕೊಂಡಳು.

ಕಣ್ಣಿಗೆ ಬೆಂಕಿ ಬಿದ್ದ ಹಾಗಾಯಿತು.

ಸೆರಗಿನಿಂದ ಎಷ್ಟು ಒರೆಸಿದರೂ ಉರಿ ಇಳಿಯಲಿಲ್ಲ. ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಖಾರ, ನೆತ್ತಿಗೇರುವಂಥ ಖಾರ. ಆಗ ಹೊಳೆಯಿತು. ಬುಟ್ಟಿ ಬಸಿಯಲು ಇಟ್ಟ ಬಕೆಟ್ ಇದೇ. ಬೆಳಿಗ್ಗೆ ಅದರ ತಳದಲ್ಲಿದ್ದ ಮೆಣಸಿನ ರಸದ ಮೇಲೇ ಕೆರೆಯ ನೀರು ಸುರಿದುಕೊಂಡು, ಅದನ್ನೇ ಟೈಗರ್‌ನ ಬೇಸಿನ್ನಿಗೆ ಬಗ್ಗಿಸಿದ್ದಾಳೆ. ಬಣ್ಣ ಹೇಗೂ ಒಂದೇ. ವಾಸನೆ ಹಿಡಿಯಲು ಅವಳಿಗೆ ಮೂಗೆಲ್ಲಿದೆ? ಮೂಗು ಇದ್ದದ್ದು ನಾಯಿಗೆ.

ಊಟದ ಜೊತೆ ಲೈನಿನಿಂದ ತಂದಿದ್ದ ಒರತೆಯ ನೀರು ಚೊಂಬಿನಲ್ಲಿತ್ತು. ಕ್ಯಾರಿಯರ್ ಮುಚ್ಚಳಕ್ಕೆ ಅದನ್ನು ಸುರಿದು, ಮೆಣಸು ಎಳೆಯುವ ಉದ್ದ ಹಿಡಿಯ ಹಲಗೆಯಿಂದ ಮೆಲ್ಲಗೆ ನಾಯಿಯ ಕಡೆ ತಳ್ಳಿದಳು. ಹಾಳು ಬೇಸಿನ್ನನ್ನು ಅದೇ ಹಲಗೆಯಿಂದ ಅತ್ತ ಉರುಳಿಸಿದಳು.

"ಏನ್ ಮಾಡ್ತಾ ಇದ್ದೀಯ ನೀನು?"

"ಸುಮ್ಕಿರಿ ರೈಟ್ರೇ, ದಮ್ಮಯ್ಯ."

ಟೈಗರ್ ಮುಚ್ಚಳ ನೋಡಿ ಹಿಂದೆ ಸರಿಯಿತು. ಒಮ್ಮೆ ನಾಲಿಗೆ ಸುಟ್ಟುಕೊಂಡದ್ದು ಮತ್ತೆ ಯಾಕೆ ನಂಬೀತು? ಕೆಳಗಿನ ತಿರುವಿನಲ್ಲಿ ಜೀಪು ಗೇರು ಬದಲಿಸಿದ ಸದ್ದು ಕೇಳಿತು. "ಕುಡಿಯೋ, ನನ್ನಪ್ಪ, ಒಂದು ಗುಟುಕು ಕುಡಿಯೋ," ಎಂದು ತಾಯಮ್ಮ ಒಳಗೊಳಗೇ ಅಂದುಕೊಂಡಳು. ನಾಯಿ ಕತ್ತು ಉದ್ದ ಮಾಡಿತು. ಮೂಸಿತು. ಒಂದು ಸಲ ಸೀನಿತು. ಆಮೇಲೆ ಲೊಚಲೊಚ ಕುಡಿಯತೊಡಗಿತು.

ಮುಚ್ಚಳ ಖಾಲಿ. ಚೊಂಬೂ ಖಾಲಿ. ಯೋಗಾನಂದ ಒಳಗೆ ಹೋಗಿ ತನ್ನ ಬಾಟಲಿ ತಂದುಕೊಟ್ಟ; ಅದೂ ಖಾಲಿಯಾಯಿತು. ಅವಳು ಬಕೆಟ್ಟಿನ ಕತೆ ಹೇಳಿದಳು. ಅವನು ಮೆಟ್ಟಿಲ ಮೇಲೆ ಕೂತು, ಡಾಕ್ಟರಿಗೆ ಮತ್ತೆ ಫೋನ್ ಮಾಡಿದ. ಅಷ್ಟು ಕುಡಿದಿದ್ದರೆ ಒಳ್ಳೆಯದೇ ಆಯಿತು, ಕಟ್ಟಿದ ಹಾಗೇ ಇರಲಿ, ನಾಳೆ ಬಂದು ನೋಡಿ ಸೂಜಿಯನ್ನೂ ಹಾಕುತ್ತೇನೆ ಅಂದರಂತೆ. ಕೋವಿಯ ಮಾತು ಕೇಳಿ ಚೆನ್ನಾಗಿ ಬೈದರಂತೆ ಕೂಡ.

"ಸಾಹುಕಾರ್ರಿಗೆ ನಾನೇ ಹೇಳ್ತೀನಿ ಕಣಮ್ಮ," ಅಂದ ಯೋಗಾನಂದ.

ತಾಯಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಅಳುವೆಷ್ಟೋ ಮೆಣಸಿನ ಉರಿಯೆಷ್ಟೋ ಅವಳಿಗೇ ತಿಳಿಯದು. ಮನಸ್ಸು ಮಾತ್ರ ಹಗುರವಾಗಿತ್ತು. ನಾಳೆಯಿಂದ ಕಂಬದ ಪಕ್ಕದ ಹಲಸಿನ ಮರದ ನೆರಳಲ್ಲಿರುವ ಕಲ್ಲಿನ ಬಾನಿಯನ್ನು ಟೈಗರ್‌ಗೆಂದು ತೊಳೆದು, ಒರತೆಯಿಂದ ಒಂದು ಕೊಡ ಬೇರೆಯೇ ತರುವುದು, ಹಳೇ ಬಕೆಟ್ಟಿಗೂ ಅದಕ್ಕೂ ಸಂಬಂಧವೇ ಬೇಡ ಎಂದು ಅಲ್ಲೇ ತೀರ್ಮಾನಿಸಿದಳು.

ಅಷ್ಟರಲ್ಲಿ ಲಿಂಗಪ್ಪ ಬಂದ. ಹೆಗಲಲ್ಲಿ ಕೋವಿ, ಮೈಯೆಲ್ಲ ಬೆವರು. ಬಾಲ ಅಲ್ಲಾಡಿಸುತ್ತ ಖಾಲಿ ಮುಚ್ಚಳ ನೆಕ್ಕುತ್ತಿದ್ದ ಟೈಗರನ್ನು ನೋಡಿದ, ರೈಟರನ್ನು ನೋಡಿದ, ಏನೂ ಅರ್ಥವಾಗದೆ ಕೋವಿಯನ್ನು ಗೋಡೆಗೆ ಒರಗಿಸಿದ.

"ಇದೇನ್ ಮಾರಾಯ, ಚೆನ್ನಾಗೇ ಐತಲ್ಲ. ನಾನು ಈ ಬಿಸ್ಲಲ್ಲಿ ಸತ್ತು ಬಂದೆ. ಮೊದ್ಲು ಒಂದಿಷ್ಟು ನೀರು," ಎನ್ನುತ್ತ ಬಕೆಟ್ಟಿನ ಕಡೆ ಬಗ್ಗಿ ಬೊಗಸೆ ಒಡ್ಡಿದ.

"ಲಿಂಗಣ್ಣ, ಅದ್ನ ಮಾತ್ರ ಮುಟ್ಬೇಡ," ಅಂದಳು ತಾಯಮ್ಮ. "ಆಮೇಲೆ ರೈಟ್ರು ನಿನ್ನನ್ನೂ ಕಂಬಕ್ಕೆ ಕಟ್ಟಿ, ನಿನ್ನ ಕೋವಿನೇ ಎತ್ಕೊಂಡಾರು."