ಕೆಂಪು ಹಲಗೆಯ ಹಿಂದೆ ಹೊರಟವರು

ದಿನಾ ಸಂಜೆ ನಾಲ್ಕಕ್ಕೆ, ಸ್ಕೀ ಮಾಡುವವರನ್ನು ಬೆಟ್ಟಕ್ಕೆ ಒಯ್ಯುವ ನಮ್ಮೂರ ಕುರ್ಚಿ-ಲಿಫ್ಟಿನ ಕೆಳಗಿನ ನಿಲ್ದಾಣದಲ್ಲಿ ಕೆಲಸ ಮಾಡುವ ಕೊರ್ಬಿನಿಯನ್ ಕೊನೆಯ ಕುರ್ಚಿಗೆ ಕೆಂಪು ಹಲಗೆ ನೇತುಹಾಕುತ್ತಾನೆ. ಹಲಗೆ ಮೇಲಿನ ನಿಲ್ದಾಣ ಮುಟ್ಟಿದೊಡನೆ ಮೇಲಿನವನು ಲಿಫ್ಟ್ ನಿಲ್ಲಿಸಬೇಕು. ಹದಿನೆಂಟು ವರ್ಷದಿಂದ ಆ ಮೇಲಿನವನು ನಾನೇ. ನಮ್ಮೂರವರು ಹಲಗೆ ಹೋದಮೇಲೂ ಹತ್ತಿಬಿಡುತ್ತಾರೆಂದು ಗೊತ್ತಿದ್ದರಿಂದ ಹತ್ತು ನಿಮಿಷ ಕಾದೇ ನಿಲ್ಲಿಸುತ್ತಿದ್ದೆ. ನಿಯಮವೆಲ್ಲ ಪ್ರವಾಸಿಗರಿಗೆ ಎಂಬ ಜಂಬ ನಮ್ಮದು.

ಆ ಭಾನುವಾರ ನನಗೆ ರಜೆ. ಎಪ್ಪತ್ತೆರಡರ ಅಮ್ಮನ ಜೊತೆ ಬೆಳಿಗ್ಗೆಯಿಂದ ಸ್ಕೀ ಮಾಡಿ, ಬಿಸಿಲಲ್ಲಿ ಕೂತು ಸೂಪು ಕುಡಿದು ಹಾಯಾಗಿದ್ದೆ. “ಇನ್ನೊಂದೇ ಸಲ ಕಣೋ” ಎಂದಳು ಅಮ್ಮ. ಹಲಗೆ ಹೊರಟು ಐದು ನಿಮಿಷವಾಗಿತ್ತು.

“ಹತ್ತಿ ಒಟ್ಟಿಲಿಯಮ್ಮ, ಹಲಗೆ ಏನು ನಿಮಗಾ?” ಎಂದು ನಕ್ಕ ಕೊರ್ಬಿನಿಯನ್, ನಾವು ಹತ್ತಿದ್ದೇ ತಡ, ಬಾಗಿಲು ಹಾಕಿ ಹಾಲು ಕರೆಯಲು ಹೊರಟೇಬಿಟ್ಟ. ಕುರ್ಚಿಗೆ ಒಬ್ಬರೇ. ಅಮ್ಮ ಮುಂದೆ, ನಾನು ಹಿಂದೆ.

ಕಮರಿಯ ಮೇಲೆ ಲಿಫ್ಟ್ ನಿಂತಿತು. ಆಗ ಹೊಳೆಯಿತು: ಇವತ್ತು ಮೇಲಿರುವುದು ಪಕ್ಕದ ಕಣಿವೆಯ ಬದಲಿ ಆಳು. ಹಲಗೆ ಕಂಡ, ನಿಲ್ಲಿಸಿದ, ಆ ಕಡೆಯ ಇಳಿಜಾರಿನಲ್ಲಿ ಮನೆಗೆ ಹೋದ.

“ಯಾಕೋ ನಿಂತೋಯ್ತು, ಕಿಲಿಯನ್?”

“ಏನಿಲ್ಲಮ್ಮ, ಈಗ ಹೊರಡುತ್ತೆ.”

ಬಿಸಿಲು ಶಿಖರದಾಚೆ ಇಳಿಯಿತು. ಗಾಳಿ ಎದ್ದಿತು. ಅಮ್ಮನ ಕುರ್ಚಿ ತೂಗಾಡತೊಡಗಿತು.

“ಸುಳ್ಳು ಹೇಳ್ಬೇಡ. ನನ್ನ ಕೈ ನನ್ನದು ಅನ್ನಿಸ್ತಿಲ್ಲ ಕಣೋ.”

“ಯಾರೂ ಬರಲ್ಲಮ್ಮ. ನಾನೇ ಹಾರ್ತೀನಿ. ನೀನು ಮಾತ್ರ ಕುರ್ಚಿಯ ಕಂಬಿ ಬಿಡಬೇಡ!”

“ಬೇಡ್ವೋ, ಸತ್ತೋಗ್ತೀಯ!”

ಸ್ಕೀ ಕಳಚಿ, ನನ್ನ ಕುರ್ಚಿಯ ಕೆಳಗೆ ಕಮರಿಯಂಚಿನಲ್ಲಿ ರಾಶಿಬಿದ್ದಿದ್ದ ಹಿಮಕ್ಕೆ ಹಾರಿದೆ. ಹಿಮ ಎದೆಮಟ್ಟಕ್ಕೆ ನುಂಗಿತು, ಪಾದ ಉಳುಕಿತು. ತಲೆಯೆತ್ತಿ “ಅಮ್ಮಾ” ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಲು ಹೆದರಿಕೆಯಾಯಿತು. ಆಗಲೂ ಉತ್ತರ ಬಾರದಿದ್ದರೆ?

ತೆವಳಿ, ಕುಂಡೆಯ ಮೇಲೆ ಜಾರಿ, ಕೆಳಗಿನ ನಿಲ್ದಾಣ ಮುಟ್ಟುವಾಗ ಮಬ್ಬುಗತ್ತಲು. ಕಿಟಕಿ ಒಡೆದು ಒಳನುಗ್ಗಿ ಲಿಫ್ಟ್ ಚಾಲೂ ಮಾಡುವ ಹಿಡಿ ಎಳೆದೆ. ಕುರ್ಚಿಗಳು ಹೊರಟವು. ಮೇಲೆ ಇಳಿಸಿಕೊಳ್ಳುವವರಿಲ್ಲ, ಅಮ್ಮ ಸುತ್ತುಹಾಕಿ ಇಲ್ಲಿಗೇ ಬರಬೇಕು, ಅಲ್ಲಿಯವರೆಗೆ ಕಂಬಿ ಹಿಡಿದಿರಬೇಕು. ಒಂದು ಕುರ್ಚಿ ಬಂತು, ಖಾಲಿ. ಮತ್ತೊಂದು, ಅದೂ ಖಾಲಿ. ಹದಿನೆಂಟು ವರ್ಷ ನೋಡಿದ ಕುರ್ಚಿಗಳೇ. ಈಗ ಒಂದೊಂದನ್ನೂ ನೋಡಲು ಭಯ. ಅಮ್ಮ ಕಮರಿಯಲ್ಲಿ ಬಿದ್ದಿದ್ದರೆ?

ಕೊನೆಗೆ ಅವಳು ಬಂದಳು. ಕಂಬಿ ತಬ್ಬಿ ಕೂತಿದ್ದಳು, ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ತುಟಿ ಅಲುಗಿತು.

“ನಿಲ್ಸೋ. ಇಳೀಬೇಕು.”

ಹಿಡಿಯ ಮೇಲೆ ಕೈ ಇಟ್ಟೆ. ಒಮ್ಮೆ ನಿಂತದ್ದು ಮತ್ತೆ ಹೊರಡದಿದ್ದರೆ ಎಂದು ನಿಲ್ಲಿಸುವ ಧೈರ್ಯ ಬರಲಿಲ್ಲ. ಕುಂಟುತ್ತ ಓಡಿ, ಚಲಿಸುತ್ತಿದ್ದ ಕುರ್ಚಿಯಿಂದಲೇ ಅವಳನ್ನು ಎಳೆದುಕೊಂಡೆ.