ಗುಂಡು ಹಾರದ ಕೋವಿಗಳ ಸೇನಾಪತಿ

ಬಲೂನು ಒಡೆದ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದ ನನ್ನ ಭಾವನ ಮನೆಯಲ್ಲಿ ಮೂವತ್ತೆಂಟು ಬಂದೂಕುಗಳಿದ್ದವು. ಒಂದರಿಂದಲೂ ಗುಂಡು ಹಾರುವಂತಿರಲಿಲ್ಲ; ಹಾರುವಂತಿದ್ದರೆ ಅವರು ಆ ಮನೆಯಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಚಕಮಕಿ ಕಲ್ಲಿನ ಪಿಸ್ತೂಲುಗಳು, ಕಹಳೆಯಂತೆ ಬಾಯಿ ತೆರೆದ ಹಿತ್ತಾಳೆಯ ಕೋವಿ, ಕುದುರೆ ಸವಾರರ ಗಿಡ್ಡ ಬಂದೂಕು, ಆರು ಗುಂಡಿನ ಹಳೆಯ ರಿವಾಲ್ವರು, ಎಲ್ಲವೂ ಗತಕಾಲದ ಆಯುಧಗಳ ಪ್ರತಿಕೃತಿಗಳು. ರೂಪದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ನಳಿಗೆಯ ಒಳಗೆ ಮಾತ್ರ, ಬಾಯಿಂದ ಒಂದಂಗುಲಕ್ಕೆ, ಗಟ್ಟಿ ಲೋಹ.

ಭಾವ ಕನ್ನಡಕದ ಅಂಗಡಿಯ ಹಿಂಬದಿಯ ಕಿರುಕೋಣೆಯಲ್ಲಿ ಮೂವತ್ತು ವರ್ಷ ಗಾಜು ಉಜ್ಜಿದವರು. ಎದುರಿಗೆ ಬೆಕ್ಕು ಬಂದರೂ ಸರಿದು ದಾರಿ ಬಿಡುವ ನಡಿಗೆ. ಮೈಮೇಲೆ ಸದಾ ಒಂದು ಕಂದು ಕೋಟು. ಅದರ ಬಲಜೇಬು ಸಣ್ಣ ಸ್ಕ್ರೂಡ್ರೈವರುಗಳ ಮೊನೆಗೆ ಎಷ್ಟೋ ಸಲ ಹರಿದು, ಅಕ್ಕನ ಹೊಲಿಗೆಯಿಂದ ಎಷ್ಟೋ ಸಲ ಪುನರ್ಜನ್ಮ ಪಡೆದಿತ್ತು. ಯಾವ ಮಾತಿಗೂ "ಅಂದ್ರೆ ಹೇಗೆ ಅಂದ್ರೆ" ಎಂಬ ಪೀಠಿಕೆ ಬೇಕು. ಬೀದಿಯವರು ಅವರನ್ನು ಸೇನಾಪತಿ ಎಂದು ಕರೆಯುತ್ತಿದ್ದರು. ಅವರು ಆ ಗೇಲಿಯನ್ನೂ ಬಿರುದಿನಂತೆ ಸ್ವೀಕರಿಸಿ ನಾಚಿಕೊಳ್ಳುತ್ತಿದ್ದರು.

"ಸವತಿ ಒಬ್ಬಳಾಗಿದ್ರೆ ಜಗಳ ಆಡಬಹುದಿತ್ತು, ಮೂವತ್ತೆಂಟು ಜನರ ಹತ್ರ ಹೇಗಮ್ಮಾ ಆಡೋದು?" ಎಂದು ಅಕ್ಕ ಬಂದವರೆದುರು ನಿಟ್ಟುಸಿರಿಡುತ್ತಿದ್ದಳು. ಆದರೆ ವಾರಕ್ಕೊಮ್ಮೆ ಅವನ್ನೆಲ್ಲ ಇಳಿಸಿ, ಹತ್ತಿಬಟ್ಟೆಯಿಂದ ಒರೆಸಿ, ಯಾವುದು ಯಾವ ಮೊಳೆಗೆ ಎಂಬುದನ್ನು ತಪ್ಪದೆ ತೂಗುಹಾಕುತ್ತಿದ್ದವಳೂ ಅವಳೇ.

ನಾನೊಮ್ಮೆ ಕೇಳಿದ್ದೆ: "ಭಾವ, ನಿಜವಾದದ್ದು ಒಂದಾದ್ರೂ ಇರಲಿ ಅಂತ ಅನ್ನಿಸ್ಲಿಲ್ವಾ?"

"ಅಂದ್ರೆ ಹೇಗೆ ಅಂದ್ರೆ, ಹುಲಿ ಚಿತ್ರ ಚೆನ್ನಾಗಿದೆ ಅಂತ ಯಾರಾದ್ರೂ ಹುಲೀನೇ ಸಾಕ್ತಾರಾ?" ಎಂದು ನಕ್ಕು, ಒಂದು ಪಿಸ್ತೂಲಿನ ಕುದುರೆಯ ಬಾಗಿದ ಕೊಕ್ಕೆಯ ಮೇಲೆ ಬೆರಳಾಡಿಸಿದರು. "ಈ ಬಾಗು ನೋಡು. ಮೊದಲು ಇದನ್ನ ಅರ ಹಿಡಿದು ಉಜ್ಜಿದವನಿಗೆ ಆ ಹೊತ್ತಲ್ಲಿ ಕೊಲ್ಲೋ ಯೋಚನೆ ಇದ್ದಿರೋಕೆ ಸಾಧ್ಯವೇ ಇಲ್ಲ."

ಎದುರುಮನೆಯಲ್ಲಿ ನಿವೃತ್ತ ಲೆಕ್ಕದ ಟೀಚರೊಬ್ಬರಿದ್ದರು. ಅವರ ಯಜಮಾನರು ಹಡಗಿನ ಅಡುಗೆಯವರಾಗಿದ್ದು, ಯಾವುದೋ ಬಂದರಿನ ಹಳೆ ಸಾಮಾನಿನ ಬೀದಿಯಿಂದ ಒಂದು ಪಿಸ್ತೂಲು ತಂದು, "ಇದು ಆಟಿಕೆ ಕಣೇ" ಎಂದು ಕಪಾಟಿನ ಮೇಲೆ ಇರಿಸಿದ್ದರಂತೆ. ಅವರು ತೀರಿಕೊಂಡ ಮರುವರ್ಷ ಟೀಚರ್ ಅದನ್ನು ಟವೆಲಿನಲ್ಲಿ ಸುತ್ತಿ ತಂದರು. "ತುಕ್ಕು ಹಿಡಿದಿದೆ. ಒಂದಿಷ್ಟು ನೋಡಿ ಕೊಡ್ತೀರಾ?"

ಭಾವ ಅಭ್ಯಾಸದಂತೆ ನಳಿಗೆಗೆ ಟಾರ್ಚ್ ಹಿಡಿದರು. ಬೆಳಕು ತಡೆಯಿಲ್ಲದೆ ಒಳಗೆ ಹೋಯಿತು. ತೆಳುವಾದ ಕಡ್ಡಿ ಇಳಿಸಿ, ಅದೇ ಕಡ್ಡಿಯನ್ನು ಹೊರಗಿಟ್ಟು ಅಳೆದರೆ, ಒಳಗಿನ ಆಳ ನಳಿಗೆಯ ಉದ್ದಕ್ಕಿಂತ ಎರಡು ಬೆರಳು ಕಡಿಮೆ. ಮದ್ದೂ ಗುಂಡೂ ಇನ್ನೂ ಒಳಗೇ ಇದ್ದವು.

ಆ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಭಾವನ ಮುಖ ಸುಣ್ಣವಾಗಿತ್ತು. ಆದರೂ ನಮ್ಮನ್ನು ಹೊರಗೆ ಕಳಿಸಿ, ಬಚ್ಚಲಿನಲ್ಲಿ ಒಬ್ಬರೇ ಕೂತು, ನಳಿಗೆಗೆ ನೀರು ಹೊಯ್ದು ಮದ್ದನ್ನು ನೆನೆಸಿದರು. ಜೀವಮಾನದಲ್ಲಿ ಯಾರಿಗೂ ನೀರು ಕುಡಿಸದವರು ಅಂದು ಒಂದು ಪಿಸ್ತೂಲಿಗೆ ಕುಡಿಸಿದರು. ಬಳಿಕ ಅದನ್ನು ಕಾಗದದ ಮೇಲಿರಿಸಿ, ಗಾಜು ಅಳೆಯುವ ಉಪಕರಣದಿಂದ ಇಂಚಿಂಚು ಅಳೆದು, ರೇಖೆ ಬರೆದುಕೊಂಡು, "ಸ್ಟೇಷನ್ನಿಗೆ ಕೊಟ್ಟು ಬರ್ತೀನಿ" ಎಂದರು.

"ಅವರು ಅದೊಂದನ್ನ ತಗೊಂಡು ಸುಮ್ನಿರ್ತಾರಾ? ಇಷ್ಟನ್ನೂ ಹೊತ್ಕೊಂಡು ಹೋಗ್ತಾರೆ, ನೋಡ್ತಾ ಇರಿ," ಎಂದಳು ಅಕ್ಕ.

ಭಾವ ಗೋಡೆಯನ್ನು ಒಂದು ಸುತ್ತು ನೋಡಿದರು. "ಹೋದ್ರೆ ಹೋಗ್ಲಿ. ಟೀಚರ್ ಮನೇಲಿ ಅದು ಇರಬಾರದು." ಪೀಠಿಕೆಯಿಲ್ಲದೆ, ಇಷ್ಟು ಖಡಾಖಂಡಿತವಾಗಿ ಅವರು ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಮರುದಿನ ಇಬ್ಬರು ಪೊಲೀಸರು ಮನೆಗೆ ಬಂದರು. ಮೂವತ್ತೆಂಟನ್ನೂ ಇಳಿಸಿ, ಒಂದೊಂದರ ಬಾಯಿಗೂ ಟಾರ್ಚ್ ಬಿಟ್ಟು ನೋಡುವುದರಲ್ಲಿ ಸಂಜೆಯಾಯಿತು. ಭಾವ ಮೂರು ಸಲ ಚಹಾ ಮಾಡಿದರು; ಮೂರು ಸಲವೂ ಸಕ್ಕರೆ ಮರೆತರು. ಕೊನೆಗೆ ಹಿರಿಯ ಪೇದೆ ಕಹಳೆಬಾಯಿಯ ಕೋವಿಯನ್ನು ಕೆಳಗಿಡಲಾರದೆ ಹಿಡಿದು ನಿಂತು, "ಏನು ಚೆಂದ ಮಾಡಿದಾರ್ರೀ!" ಎಂದಾಗ ಅಕ್ಕ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೀಚರ ಪಿಸ್ತೂಲಿನ ಒಡೆಯರು ಗತಿಸಿದ್ದಾರೆಂದು ಬರೆದುಕೊಂಡು, ಮೂವತ್ತೆಂಟನ್ನೂ ಬಿಟ್ಟು ಪೊಲೀಸರು ಹೊರಟುಹೋದರು.

ಉಳಿದದ್ದು ಭಾವನ ಸಂಕಟ. ನಂಬಿ ಕೊಟ್ಟ ವಸ್ತುವನ್ನು ಕೇಳದೆ ಕೊಟ್ಟುಬಿಟ್ಟೆನಲ್ಲ ಎಂದು ಅನ್ನ ಸೇರದಾಯಿತು. ನಾಲ್ಕು ತಿಂಗಳು, ಅಂಗಡಿಯಿಂದ ಬಂದವರೇ ಅರ ಹಿಡಿದು ಕೂತರು. ಮರ ಕೆತ್ತಿದರು, ಸತುವಿನ ಎರಕ ಹೊಯ್ದರು, ಹಿಡಿಯ ಮೇಲೆ ಮೂಲದಲ್ಲಿದ್ದ ಸಣ್ಣ ಜಜ್ಜುಗಾಯವನ್ನೂ ಬಿಡದೆ ಮೂಡಿಸಿದರು. ಅದೇ ಟವೆಲಿನಲ್ಲಿ ಸುತ್ತಿ ಟೀಚರ ಮನೆಗೆ ಹೊರಟಾಗ ಜೊತೆಗೆ ನನ್ನನ್ನೂ ಕರೆದರು. ಒಬ್ಬರೇ ಹೋಗಲು ಕಾಲು ಬರುತ್ತಿರಲಿಲ್ಲ.

"ತುಕ್ಕು ತೆಗೆದಿದ್ದೀನಿ, ಟೀಚರ್. ಅಂದ್ರೆ ಹೇಗೆ ಅಂದ್ರೆ..." ಎನ್ನುತ್ತ ಟವೆಲು ಬಿಚ್ಚಿ ಮುಂದೆ ಚಾಚಿದರು.

ಟೀಚರ್ ಅದನ್ನು ಅಂಗೈಯಲ್ಲಿ ತೂಗಿದರು. "ಹಗುರ ಆಗಿದೆ."

"ಟೀಚರ್, ನಾನು ನಿಮ್ಗೆ ಹೇಳದೆ ಒಂದು..."

"ಸುಮ್ನಿರಿ. ಇಪ್ಪತ್ತಾರು ವರ್ಷ ಒರೆಸಿದವಳು ನಾನು. ಅದು ನಿಜದ್ದು ಅಂತ ಮೊದಲನೇ ವಾರವೇ ಗೊತ್ತಾಗಿತ್ತು. ನಾನು ಆಟಿಕೆ ಅಂತ ನಂಬಿದ್ದೀನಿ ಅಂತ ಅವರು ನೆಮ್ಮದಿಯಾಗಿದ್ರು, ಅದನ್ನ ಯಾಕೆ ಕೆಡಿಸ್ಲಿ? ಅವರು ಹೋದ್ಮೇಲೆ ಎಸೆಯೋಕೆ ಮನಸ್ಸಿಲ್ಲ, ಇಟ್ಕೊಳ್ಳೋಕೆ ಧೈರ್ಯ ಇಲ್ಲ. ಮಾಡ್ಬೇಕಾದ್ದನ್ನ ನೀವು ಮಾಡ್ತೀರಿ ಅಂತ ಗೊತ್ತಿತ್ತು, ಅದಕ್ಕೇ ನಿಮ್ಮ ಹತ್ರ ತಂದೆ." ಅವರ ಹೆಬ್ಬೆರಳು ಹಿಡಿಯ ಮೇಲಿನ ಜಜ್ಜಿಗೆ ತಾಗಿ ನಿಂತಿತು. "ಇದು ಅವರು ಕೈತಪ್ಪಿ ಬೀಳಿಸಿದಾಗ ಆದದ್ದು. ಇದನ್ನೂ ಬಿಟ್ಟಿಲ್ವಲ್ಲ ನೀವು!" ಎಂದರು.

ಭಾವ ತಮ್ಮ ಕನ್ನಡಕ ತೆಗೆದು, ಧೂಳಿನ ನೆಪದಲ್ಲಿ ಬಹಳ ಹೊತ್ತು ಒರೆಸಿದರು.

ಅವರು ಈಗಿಲ್ಲ. ನಕಲಿಯನ್ನು ಪ್ರೀತಿಸುವವರೆಂದು ಇಂಥವರನ್ನು ನೋಡಿ ಲೋಕ ನಗುತ್ತದೆ. ಅಸಲಿಯನ್ನು ಕೊಳ್ಳಲು ಗತಿಯಿಲ್ಲದವರೆಂದು ಎಣಿಸುತ್ತದೆ. ನನಗನ್ನಿಸುವುದು ಬೇರೆ. ಉಗ್ರವಾದ ವಸ್ತುಗಳಿಂದ ಹಿಂಸೆಯನ್ನು ಹೊರಗಿಟ್ಟು, ಅವುಗಳ ಚೆಲುವನ್ನಷ್ಟೇ ಮನೆಗೆ ಕರೆತರುವ ಈ ಅಂಜುಬುರುಕರ ಸಂತತಿಯಿಂದ ಚರಿತ್ರೆಯ ಒಂದು ಸಾಲೂ ಬದಲಾಗುವುದಿಲ್ಲ. ಆದರೆ ಇಟ್ಟುಕೊಳ್ಳಲೂ ಆಗದ, ಎಸೆಯಲೂ ಆಗದ ಭಾರವೊಂದು ತಮ್ಮ ಪಾಲಿಗೆ ಬಂದ ದಿನ, ಅದನ್ನು ಯಾರ ಕೈಗೆ ಕೊಡಬಹುದೆಂಬುದು ನೆರೆಹೊರೆಯವರಿಗೆ ಹೇಗೋ ಗೊತ್ತಿರುತ್ತದೆ.